ಮಣಿಕಟ್ಟಿನ ಇರುವೆ

ಗುರುವಾರ, ಹನ್ನೆರಡನೇ ತಾರೀಕು

ಗೆದ್ದವಳಿಗೆ ನಿದ್ದೆ ಬರಬೇಕಿತ್ತು. ಬರುತ್ತಿಲ್ಲ.

ಮೊಮ್ಮಗಳಿಗೆ ಮಣಿಕಟ್ಟಿನ ಮೇಲೆ ಹಚ್ಚೆ ಬೇಕಂತೆ, ಇರುವೆಯದು. ಬೇಕರಿಯಲ್ಲಿ ದಿನವಿಡೀ ಇರುವೆ ಓಡಿಸುವುದು ಸಾಲದು, ಮೈಮೇಲೂ ಒಂದನ್ನು ಸಾಕಬೇಕಂತೆ! ಹೋದ ತಿಂಗಳು ನನ್ನ ಹತ್ತಿರ ಬುದ್ಧಿ ಕೇಳಿದಳು. ನಾನೂ ಹೇಳಿದೆ: "ಗೋಡೆಗೆ ಬಣ್ಣ ಬಳಿಯೋ ಮುಂಚೆ ಮೂಲೇಲಿ ಬಳಿದು ನೋಡ್ತಾರೆ. ನಿನ್ನ ಚರ್ಮ ಗೋಡೆಗಿಂತ ಕಡೆಯೇನೇ? ಒಂದು ತಿಂಗಳು ದಿನಾ ಪೆನ್ನಲ್ಲಿ ಬರ್ಕೋ. ಒಂದು ದಿನ ತಪ್ಪಿದ್ರೂ ಆಸೆ ಬಿಟ್ಬಿಡು."

ಮೂರು ದಿನಕ್ಕೆ ಬೇಸರ ಬರುತ್ತದೆ ಅಂದುಕೊಂಡಿದ್ದೆ. ಹಿಟ್ಟು ನಾದಿ ಕೈ ತೊಳೆದಾಗಲೆಲ್ಲ ಅಳಿಸಿಹೋಗುತ್ತಿತ್ತು, ಹುಡುಗಿ ಮತ್ತೆ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತಾರು ದಿನ!

ಇವತ್ತು ಸಂಜೆ ಬಂದವಳೇ ಬರಿಗೈ ಚಾಚಿದಳು. "ಅಜ್ಜಿ, ಕೆಲಸದ ಗಡಿಬಿಡೀಲಿ ಮರೆತೇಬಿಟ್ಟೆ. ನೀನೇ ಗೆದ್ದೆ ಬಿಡು."

"ಹಾಗಾದ್ರೆ ಮುಗೀತು," ಅಂದೆ.

ಸೀದಾ ಪಾತ್ರೆ ತೊಳೆಯಲು ಹೋದಳು. ಬಾಗಿಲಾಚೆ ನಿಂತು ಎರಡು ಗೆರೆ ಎಳೆದುಕೊಂಡು ಬಂದಿದ್ದರೆ ನನಗೇನು ಗೊತ್ತಾಗುತ್ತಿತ್ತು? ಸುಳ್ಳು ಹೇಳಲೂ ಬಾರದ ಪೆದ್ದಿ.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಸೀಮೆಸುಣ್ಣದ ಗೆರೆ ಅಳಿಸಿದರೆ ಮತ್ತೆ ಎಳೆದಿದ್ದೇನೆ, ಬಟ್ಟೆಯನ್ನೇ ಎಸೆದಿದ್ದೇನೆಯೇ? ಬುದ್ಧಿ ಕೇಳಿ ಬಂದ ಮಗುವಿಗೆ ಸೋಲಲಿ ಅಂತಲೇ ಪಂದ್ಯ ಒಡ್ಡಿದೆ.

ಬೆಳಿಗ್ಗೆ ಐದಕ್ಕೇ ಕೆಲಸಕ್ಕೆ ಹೊರಡುತ್ತಾಳೆ. ಅಷ್ಟರೊಳಗೆ ಹೇಳಬೇಕು. ತಪ್ಪಾಯಿತು ಅನ್ನುವ ಮಾತು ಈ ಬಾಯಿಗೆ ಅಭ್ಯಾಸವಿಲ್ಲ. ಪೆನ್ನು ಹಿಡಿದುಕೊಂಡು ಹೋಗಿ, ಕೈ ಕೊಡೇ ಅಂತ ಮಾತ್ರ ಅಂದರೆ ಅವಳಿಗೆ ಅರ್ಥವಾದೀತೇ, ಇಲ್ಲ ಬಾಯಿಬಿಟ್ಟೇ ಹೇಳಬೇಕೇ?