ಕೆಂಪು ಗುಳಿಗೆ, ಮೂರು ಹೊತ್ತು

ಮನೆ, ಮೀನಿನ ತೊಟ್ಟಿಯ ಪಕ್ಕದ ಮೇಜು
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೊಕ್ಕೆಗಳು ಇಳಿದವೇ? ಇಳಿದಿರಲಿ. ಬೈಸಿಕೊಳ್ಳುವವನು ಗಟ್ಟಿಯಾಗಿರಬೇಕು. ಫೋನಿನಲ್ಲಿ ನಾನು ದನಿ ಏರಿಸಿದರೆ ‘ಸಿಗ್ನಲ್ ಇಲ್ಲ’ ಅಂತ ಕಟ್ ಮಾಡುತ್ತೀ, ಅದಕ್ಕೇ ಈ ಕಾಗದ.

ನಿನ್ನ ಫ್ಲವರ್‌ಹಾರ್ನ್ ಮೀನು ಬದುಕಿದೆ. ನೀನು ಯಾವಾಗಲೂ ಮೊದಲು ಕೇಳುವುದು ಅದನ್ನೇ ಅಲ್ಲವೇ? ಮೀನುಗಳ ಸ್ಪರ್ಧೆಗೆ ಮುಂಚೆ ಅದರ ಹಣೆಯ ಗುಬುಟು ಇನ್ನೂ ಉಬ್ಬಬೇಕು, ಬಣ್ಣ ಏರಬೇಕು, ತೀನಿಯ ಕೆಂಪು ಗುಳಿಗೆ ಮೂರು ಹೊತ್ತೂ ಹಾಕಿ ಅಂತ ಅಪ್ಪನಿಗೆ ನೀನೇ ಹೇಳಿದ್ದೆ. ಲೇತ್ ಮೆಷಿನ್ ಮುಂದೆ ಮೂವತ್ತು ವರ್ಷ ನಿಂತು ಒಂದು ಅಳತೆಯನ್ನೂ ತಪ್ಪದ ಮನುಷ್ಯ ಅವರು. ಗಡಿಯಾರ ನೋಡಿಕೊಂಡೇ ಹಾಕಿದರು. ಹತ್ತನೇ ದಿನಕ್ಕೆ ಮೀನಿನ ಹೊಟ್ಟೆ ಉಬ್ಬಿ, ತಲೆ ಕೆಳಗಾಗಿ, ಮೂಲೆ ಹಿಡಿಯಿತು. ಕೈ ಕಂಡರೆ ಕಚ್ಚಲು ಬರುತ್ತಿದ್ದ ರೌಡಿ, ಗಾಜು ತಟ್ಟಿದರೂ ತಿರುಗಲಿಲ್ಲ.

ಆಗ ನಿನಗೆ ಫೋನ್ ಮಾಡಿದರೆ ಏನಂದೆ? ‘ಹೋದ್ರೆ ಹೋಗ್ಲಿ, ಬಿಸಾಕಕ್ಕ, ಇನ್ನೊಂದು ತರ್ತೀನಿ. ಅಪ್ಪನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು.’ ಫೋನ್ ಸ್ಪೀಕರ್‌ನಲ್ಲಿತ್ತು ಮಾರಾಯ! ಅಪ್ಪ ಬಕೆಟ್ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದರು. ‘ಅವನು ಹೇಳೋದು ಸರಿ ಕಣಮ್ಮ’ ಅಂದು ಗುಳಿಗೆಯ ಡಬ್ಬಿಯನ್ನು ಕಪಾಟಿನ ಮೇಲೆ ಎತ್ತಿಟ್ಟರು. ಆ ದಿನ ಅವರು ಊಟಕ್ಕೆ ಏಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮೀನಿನ ಅಂಗಡಿಯವರನ್ನು ಕೇಳಿದೆ. ‘ಮೊದಲು ತೀನಿ ನಿಲ್ಸಿ ಮೇಡಂ, ಮೂರು ಹೊತ್ತು ತಿನ್ನೋಕೆ ಅದೇನು ಕುಸ್ತಿ ಪೈಲ್ವಾನಾ?’ ಅಂದರು. ಆಸ್ಪತ್ರೆಯ ಲ್ಯಾಬಿಗೆ ರಜೆ ಹಾಕಿದೆ. ಒಂದು ದಿನ ಬಕೆಟ್‌ನಲ್ಲಿ ಇಟ್ಟು ಕ್ಲೋರಿನ್ ವಾಸನೆ ಹೋದ ನೀರಿನಿಂದ ದಿನಕ್ಕೆ ಮೂರರಲ್ಲೊಂದು ಪಾಲು ಬದಲಿಸಿದೆವು. ಹೀಟರನ್ನು ಮೂವತ್ತು ಡಿಗ್ರಿಗೆ ಏರಿಸಿದೆವು. ಫಿಲ್ಟರಿನ ಸ್ಪಂಜನ್ನು ನಲ್ಲಿಗೆ ಹಿಡಿಯದೆ ತೊಟ್ಟಿಯದೇ ಹಳೆಯ ನೀರಿನಲ್ಲಿ ಹಿಂಡಿದೆ. ಇಪ್ಪತ್ತು ಬಕೆಟ್ ಹೊತ್ತದ್ದು ಯಾರು ಗೊತ್ತೇ? ಮಂಡಿನೋವಿನ ಅಪ್ಪ. ಐದನೇ ದಿನ ಮೀನಿನ ಹೊಟ್ಟೆ ಇಳಿಯಿತು. ಆರನೇ ದಿನ ನನ್ನ ಬೆರಳಿಗೆ ನುಗ್ಗಿ ಬಂತು. ನಾನು ಕುಣಿದಾಡಿದೆ, ಅಪ್ಪ ನಗಲಿಲ್ಲ. ‘ಇನ್ಮೇಲೆ ನೀನೇ ಹಾಕು. ನನ್ನ ಕೈ ಬೇಡ’ ಅಂದರು. ಅಳತೆ ಹೇಳಿದವನು ನೀನು. ತಪ್ಪು ಅವರ ಕೈಯದಾಯಿತೇ? ನಿನಗೆ ನಾಚಿಕೆಯಾಗಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿ ಪೈಪಿನ ಹತ್ತಿರ ಜೋಪಾನ. ಸಿಟ್ಟಿದ್ದರೂ ನಿನ್ನವಳೇ ಆದ,
ಅಕ್ಕ

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ: ಸ್ಪರ್ಧೆಯವರಿಗೆ ಹೇಳಿ ಮೀನಿನ ಹೆಸರು ತೆಗೆಸಿದ್ದೇನೆ, ಅದಕ್ಕೆ ಜಗಳ ಬೇಡ. ಅಪ್ಪ ಈಗ ತೊಟ್ಟಿಗೆ ಬೆನ್ನು ಮಾಡಿ ಕೂರುತ್ತಾರೆ. ಬಂದರು ಮುಟ್ಟಿದ ಕೂಡಲೇ ಅವರಿಗೇ ಫೋನ್ ಮಾಡಿ ‘ತಪ್ಪು ನಂದು ಅಪ್ಪ’ ಅನ್ನು. ನಾನು ಹೇಳಿ ಹೇಳಿ ಸಾಕಾಯಿತು, ಅವರು ನಂಬುತ್ತಿಲ್ಲ. ನೀನು ಹೇಳಿದರೆ ನಂಬುತ್ತಾರೆ, ಮೂರು ಹೊತ್ತು ಗುಳಿಗೆ ಅಂದಾಗಲೂ ಹಾಗೇ ನಂಬಿದ್ದರು.