ಹುಟ್ಟಿನಿಂದ ಬಂದದ್ದಲ್ಲ

ಉರಿಗಾಂ,
ಸೋಮವಾರ

ಅಕ್ಕಿ ಮಿಲ್ಲಿನ ಡಾಕ್ಟರ್ ಸಾಹೇಬರಿಗೆ,

ನಾನು ಅಂಬರೀಶನ ತಾಯಿ. ಅವನ ಬಲ ಹೆಗಲು ಇಳಿದು ಬೆನ್ನು ವಾಲಿರುವುದು ಹುಟ್ಟಿನಿಂದಲೇ ಎಂದು ನೀವು ಬರೆದುಕೊಟ್ಟಿರಿ. ಅದನ್ನೇ ತೋರಿಸಿ ಮಿಲ್ಲಿನವರು ಅವನನ್ನು ಕೆಲಸದಿಂದ ತೆಗೆದರು.

ಹೆತ್ತವಳು ನಾನು. ನನ್ನ ಮಗು ನೆಟ್ಟಗಿತ್ತು. ಹದಿನೆಂಟಕ್ಕೆ ಮಿಲ್ಲು ಸೇರಿದಾಗಲೂ ನೆಟ್ಟಗಿದ್ದ. ಆಮೇಲೆ ಇಪ್ಪತ್ತು ವರ್ಷ ಅದೇ ಹೆಗಲ ಮೇಲೆ ಮೂಟೆ ಹೊತ್ತ. ರಾಬರ್ಟ್‌ಸನ್‌ಪೇಟೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಭಾರ ಬಿದ್ದ ಕಡೆಯೇ ಮೂಳೆ ದಪ್ಪ ಆಗಿದೆಯಮ್ಮ, ಇದು ಹೊತ್ತು ಹೊತ್ತು ಬಂದದ್ದು" ಅಂದರು.

ನಿಮ್ಮ ಕಾಗದ ಓದಿದ ಮಗ ನನ್ನನ್ನೇ ಕೇಳಿದ: "ನಿಜ ಏಳಮ್ಮ, ಉಟ್ದಾಗ್ಲೇ ನಾನು ಇಂಗಿದ್ನಾ?"

ಮಿಲ್ಲು ಮಾಡಿದ್ದನ್ನು ನನ್ನ ಹೊಟ್ಟೆಯ ಮೇಲೆ ಹಾಕಬೇಡಿ. ಆ ಸಾಲು ಹೊಡೆದುಹಾಕಿ, ಸರಿಯಾಗಿ ಬರೆದಿಡಿ. ಬುಧವಾರ ಅವನನ್ನು ಕರೆದುಕೊಂಡು ಬರುತ್ತೇನೆ. ಅವನೆದುರಿಗೆ ಓದಿ ಹೇಳಬೇಕು.

ಇಂತಿ,
ಮುತ್ಯಾಲಮ್ಮ