ಐದನೆಯ ಪುಟವಾದ ಮೇಲೆ ಏಳನೆಯ ಪುಟ

ಮಾನ್ಯ ಮಾಹಿತಿ ಅಧಿಕಾರಿಗಳೇ,

ತೀರಿಕೊಂಡ ಮನುಷ್ಯನಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಬರುವುದು ಹೇಗೆ ಎಂಬುದನ್ನು ತಾವು ಇನ್ನೂ ತಿಳಿಸಿಲ್ಲ. ಆ ಪತ್ರವನ್ನು ಕೇಳಿದ್ದು ತಮ್ಮ ಕಚೇರಿ. ಕೇಳಿದ್ದು ಅವನ ಹೆಂಡತಿಯನ್ನು. ಅಂಚೆಯಲ್ಲಿ ಕೇಳಿದ್ದಕ್ಕೆ ತಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ ನಾಲ್ಕು ಜನ ಓದುವ ಹಾಗೆ ಇಲ್ಲಿ ಕೇಳುತ್ತಿದ್ದೇನೆ.

ನಾನು ನ್ಯಾಮತಿ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಊರಿಗೆ ಏನೇನು ಬಂತೋ ಗೊತ್ತಿಲ್ಲ, ನನ್ನ ಅಂಗಡಿಗೆ ಅರ್ಜಿ ಬರೆಸುವವರಂತೂ ಬಂದರು. ಕಳೆದ ಜನವರಿಯಲ್ಲಿ ತವರೂರು ಗೋವಿನಕೋವಿಯಿಂದ ಹೊನ್ನೂರಮ್ಮ ಎಂಬವರು ಬಂದು ಬೆಂಚಿನ ಮೇಲೆ ಕೂತರು. ಉಳಿದವರೆಲ್ಲ ಎದ್ದುಹೋದ ಮೇಲೆ ಮಾತು ತೆಗೆದರು.

ಅವರ ಗಂಡ ಕೆಂಚೇಶ್ ಜಗಳೂರು ಕಡೆಯ ಒಂದು ಊರಿನಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದರು. ಹನ್ನೊಂದು ವರ್ಷ ಮಾಡಿದರೂ ಕಾಯಂ ಆಗಿರಲಿಲ್ಲ. ಅದಕ್ಕೂ ಹಿಂದಿನ ವರ್ಷದ ಒಂದು ಭಾನುವಾರ ಬೆಳಿಗ್ಗೆ, ರೊಟ್ಟಿ ತಿನ್ನುತ್ತಿರುವಾಗ ಅವರಿಗೆ ಒಂದು ಫೋನ್ ಬಂತು. ಮರುದಿನ ಮೇಲಿನ ಅಧಿಕಾರಿಗಳು ಊರಿಗೆ ಬರುವವರಿದ್ದರು, ಅಷ್ಟರೊಳಗೆ ಓವರ್‌ಹೆಡ್ ಟ್ಯಾಂಕ್ ತೊಳೆದಿರಬೇಕಿತ್ತು. ಕೆಂಚೇಶ್ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದರು. ಟ್ಯಾಂಕಿನ ಕಬ್ಬಿಣದ ಏಣಿ ಮೇಲ್ಗಡೆ ತುಕ್ಕು ಹಿಡಿದಿತ್ತು. ಮೆಟ್ಟಿಲು ಮುರಿದು ಕೆಳಗೆ ಬಿದ್ದವರು ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಜಗಳೂರಿನ ತಮ್ಮ ಕಚೇರಿಯಿಂದ ಹೊನ್ನೂರಮ್ಮನವರಿಗೆ ಒಂದು ಪತ್ರ ಹೋಯಿತು. ಭಾನುವಾರ ರಜಾ ದಿನವಾಗಿದ್ದು ಸದರಿಯವರನ್ನು ಯಾರೂ ಕೆಲಸಕ್ಕೆ ನಿಯೋಜಿಸಿರುವುದಿಲ್ಲ, ಮದ್ಯಪಾನ ಮಾಡಿ ಸ್ವಂತ ನಿರ್ಲಕ್ಷ್ಯದಿಂದ ಮೃತಪಟ್ಟಿರುತ್ತಾರೆ ಎಂದು. ರಜಾ ದಿನ ಬೆಳಿಗ್ಗೆ ಎದ್ದು, ಕುಡಿದು, ಬಕೆಟ್ಟು ಬ್ರಷ್ಷು ಹಿಡಿದುಕೊಂಡು, ಸುಮ್ಮನೆ ಕಾಲಕ್ಷೇಪಕ್ಕೆಂದು ಟ್ಯಾಂಕ್ ಹತ್ತುವ ಮನುಷ್ಯನನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ, ಮಾನ್ಯರೇ?

"ಕುಡೀತಿದ್ರು, ಸುಳ್ಳು ಹೇಳಲ್ಲ. ಟ್ಯಾಂಕ್ ಹತ್ತೋ ದಿನ ಮಾತ್ರ ಮುಟ್ತಿರಲಿಲ್ಲ" ಎಂದರು ಹೊನ್ನೂರಮ್ಮ. ಅವರಿಗೆ ಬೇಕಾಗಿದ್ದದ್ದು ಆ ಸಾವಿನ ಬಗ್ಗೆ ತಮ್ಮ ಕಚೇರಿ ನಡೆಸಿದ್ದ ವಿಚಾರಣೆಯ ವರದಿಯ ನಕಲು. ಮಗಳು ಸಂಧ್ಯಾರಾಣಿಗೆ ಶಾಲೆಯಲ್ಲಿ ಯಾರೋ, ನಿಮ್ಮಪ್ಪ ಕುಡಿದು ಬಿದ್ದು ಸತ್ತನಂತೆ ಎಂದಿದ್ದರು. ಅಪ್ಪನನ್ನು ಕೆಲಸಕ್ಕೆ ಕಳಿಸಿದ್ದು ಇಂಥವರು ಎಂದು ಸರ್ಕಾರಿ ಕಾಗದದಲ್ಲಿ ಇದ್ದರೆ ಅದನ್ನು ಹುಡುಗಿಯ ಕೈಗೆ ಕೊಡಬೇಕು, ಅಷ್ಟೆ. ನಾನು ಬಲು ಧೈರ್ಯದಿಂದ ಹೇಳಿದೆ, ಮಾಹಿತಿ ಹಕ್ಕು ಅಂತ ಕಾನೂನು ಐತಮ್ಮ, ಮೂವತ್ತು ದಿನದಲ್ಲಿ ಕೊಡಲೇಬೇಕು ಎಂದು. ಆ ಮಾತನ್ನು ನೆನೆದರೆ ಈಗ ನನಗೇ ನಾಚಿಕೆಯಾಗುತ್ತದೆ.

ಅರ್ಜಿ ಹಾಕಿದ ನಲವತ್ತೊಂದನೆಯ ದಿನಕ್ಕೆ ಉತ್ತರ ಬಂತು. ಕೋರಿರುವ ಮಾಹಿತಿ ಮೂರನೇ ವ್ಯಕ್ತಿಯಾದ ಶ್ರೀ ಕೆಂಚೇಶ್ ಅವರ ಖಾಸಗಿ ವಿಷಯಕ್ಕೆ ಸಂಬಂಧಿಸಿದ್ದು, ಅವರ ಲಿಖಿತ ಒಪ್ಪಿಗೆ ಲಗತ್ತಿಸಿದಲ್ಲಿ ಪರಿಶೀಲಿಸಲಾಗುವುದು. ಕೆಳಗೆ ತಮ್ಮ ಸಹಿ, ದುಂಡನೆಯ ಮೊಹರು. ಅದನ್ನು ಹೊನ್ನೂರಮ್ಮನವರಿಗೆ ಓದಿ ಹೇಳಬೇಕಾದವನು ನಾನು. ಎರಡನೇ ಸಲ ಓದಿರಿ ಎಂದರು, ಓದಿದೆ. ಮೂರನೇ ವ್ಯಕ್ತಿ ಅಂದ್ರೆ ಯಾರು ಎಂದು ಕೇಳಿದರು. ನಿಮ್ಮ ಯಜಮಾನರು ಎಂದೆ. ಹಾಗಾದರೆ ಮೊದಲನೆಯವರು, ಎರಡನೆಯವರು ಯಾರು ಎಂದು ಕೇಳಿದರು.

ಮೇಲ್ಮನವಿ ಹಾಕಿದೆವು. ವಿಚಾರಣೆಯ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಹೊನ್ನಾಳಿ, ದಾವಣಗೆರೆ, ಜಗಳೂರು ಎಂದು ಮೂರು ಬಸ್ಸು. ಬಿಳಿಚೋಡು ದಾಟುವಾಗ ಅವರು ಕಿಟಕಿ ಕಡೆಗೆ ಸೆರಗು ಎಳೆದುಕೊಂಡರು, ಗಂಡನ ಊರಿನವರು ಯಾರಾದರೂ ನೋಡಿಯಾರು ಎಂದು. ತಾವೂ ಅಲ್ಲಿದ್ದಿರಿ. ಒಪ್ಪಿಗೆ ಪತ್ರ ಸಲ್ಲಿಕೆಯಾಗಿಲ್ಲ ಎಂದು ತಾವು ಹೇಳಿದಾಗ ಹೊನ್ನೂರಮ್ಮ ಎದ್ದು ನಿಂತು, "ಅವರು ಇದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರಾಕೆ ಹೋಗ್ತಿದ್ದೆ ಸಾರ್" ಎಂದದ್ದು ತಮಗೆ ನೆನಪಿರಬಹುದು. ತಾವು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದಿರಿ. ಮೇಲ್ಮನವಿ ಕೇಳಿದ ಅಧಿಕಾರಿಗಳು ಒಳ್ಳೆಯವರು. ಹದಿನೈದು ದಿನದೊಳಗೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಿ ಎಂದು ಆದೇಶಿಸಿದರು. ವಾಪಸ್ ಬರುವಾಗ ಆಕೆ ಬಸ್ಸಿನಲ್ಲಿ ನಿದ್ದೆ ಮಾಡಿದರು. ಎಷ್ಟೋ ದಿನದ ಮೇಲೆ ಬಂದ ನಿದ್ದೆ ಇರಬೇಕು.

ವರದಿ ಬಂತು. ತಾವು ಆದೇಶ ಪಾಲಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಐದನೆಯ ಪುಟದ ಕೊನೆಯ ಸಾಲು ಹೀಗಿದೆ: "ಸದರಿ ದಿನ ಬೆಳಿಗ್ಗೆ ಮೃತರಿಗೆ ದೂರವಾಣಿ ಮೂಲಕ ಸೂಚನೆ ನೀಡಿದವರು". ಮುಂದಿನ ಹಾಳೆ ಏಳನೆಯ ಪುಟ. ಅದರ ಮೊದಲ ಸಾಲಿನಲ್ಲಿ ಏಣಿಯ ಉದ್ದಗಲವಿದೆ. ಹೊನ್ನೂರಮ್ಮ ಐದನೆಯ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಖಾಲಿ ಇತ್ತು. ತಮ್ಮ ಕಚೇರಿಗೆ ಫೋನ್ ಮಾಡಿದೆ. ಫೈಲಲ್ಲಿ ಇದ್ದಿದ್ದೇ ಅಷ್ಟು ರೀ, ಇಲ್ಲದ್ದನ್ನು ಎಲ್ಲಿಂದ ಜೆರಾಕ್ಸ್ ಮಾಡೋದು ಎಂದರು ಫೋನ್ ಎತ್ತಿದವರು. ಜೆರಾಕ್ಸ್ ಅಂಗಡಿಯವನಿಗೇ ಕೇಳಿದ ಪ್ರಶ್ನೆ.

ಎರಡನೇ ಮೇಲ್ಮನವಿ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಹೋಗಿ ಐದು ತಿಂಗಳಾಯಿತು. ವಿಚಾರಣೆಯ ದಿನಾಂಕ ಬಂದಿಲ್ಲ. ಇನ್ನೊಂದು ನೆನಪೋಲೆ ಬರೆಯೋಣ ಎಂದಾಗ ಆಕೆ ಬೇಡವೆಂದರು. "ಯಾರು ಕಳಿಸಿದ್ದು ಅಂತ ನನಗೆ ಗೊತ್ತೈತೆ ಮಂಜೂರಣ್ಣ. ಊರಿಗೆಲ್ಲ ಗೊತ್ತೈತೆ. ಕಾಗದದಾಗೆ ಬರಲ್ಲ ಅಂದ್ರೆ ನೀವು ಹೆಂಗೆ ತರಿಸ್ತೀರಿ?" ನನ್ನ ಹತ್ತಿರ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ ಇದೆ. ಬೇರೆ ಏನಿದೆ?

ಹೋದ ಮಂಗಳವಾರ ತಾಯಿ ಮಗಳು ಇಬ್ಬರೂ ಬಂದಿದ್ದರು. ಸಂಧ್ಯಾರಾಣಿಗೆ ಹಾಸ್ಟೆಲ್ ಸೇರಲು ಅರ್ಜಿ ತುಂಬಬೇಕಿತ್ತು. ತಂದೆ ಇಲ್ಲದ ಮಕ್ಕಳಿಗೆ ಮೊದಲ ಆದ್ಯತೆ. ಅದರಲ್ಲಿ ತಂದೆಯ ಮರಣದ ಕಾರಣ ಎಂಬ ಕಾಲಂ ಇದೆ, ಸರ್ಕಾರಿ ದಾಖಲೆಯಲ್ಲಿ ಇರುವಂತೆ ಬರೆಯಬೇಕು, ನಕಲು ಲಗತ್ತಿಸಬೇಕು. ವರದಿಯಲ್ಲಿ ಕಾರಣ ಹೇಳುವ ಪುಟವೇ ಇಲ್ಲ, ಉಳಿದ ದಾಖಲೆ ಎಂದರೆ ಕುಡಿದು ಸತ್ತರು ಎನ್ನುವ ತಮ್ಮ ಮೊದಲ ಪತ್ರ ಒಂದೇ. ನಾನು ಆ ಸಾಲಿಗೆ ಬಂದು ಕೈ ನಿಲ್ಲಿಸಿದೆ. ಹುಡುಗಿ ಪರದೆಯನ್ನೇ ನೋಡುತ್ತಿದ್ದಳು.

"ಅಂಕಲ್, ಅದನ್ನ ಟೈಪ್ ಮಾಡಬೇಡ್ರಿ."

ಖಾಲಿ ಬಿಟ್ಟು ಪ್ರಿಂಟ್ ತೆಗೆದೆ. ಅಪೂರ್ಣ ಎಂದು ನಿನ್ನೆ ಅರ್ಜಿ ವಾಪಸ್ ಬಂದಿದೆ. ಸರಿಪಡಿಸಿ ಕೊಡಲು ಈ ತಿಂಗಳ ಇಪ್ಪತ್ತೆಂಟು ಕೊನೆಯ ದಿನ.

ಆದಕಾರಣ, ಮಾನ್ಯರೇ, ಆರನೆಯ ಪುಟವನ್ನು ಅಷ್ಟರೊಳಗೆ ಕಳಿಸಿಕೊಡಬೇಕು. ಅದು ಇಲ್ಲವಾದರೆ, ಯಾವ ದಿನ, ಯಾರ ಕೈಯಿಂದ ಇಲ್ಲವಾಯಿತು ಎಂದು ಬರೆದು ಸಹಿ ಹಾಕಿ ಕೊಡಬೇಕು. ಅದೂ ಆಗದಿದ್ದರೆ, ಆ ಕಾಲಂನಲ್ಲಿ ಏನು ಬರೆಯಬೇಕು ಎಂಬುದನ್ನು ತಾವೇ ಬಂದು ಆ ಹುಡುಗಿಗೆ ಹೇಳಬೇಕು. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆಗೆದಿರುತ್ತದೆ.

ಇಂತಿ,
ಅರ್ಜಿ ಟೈಪ್ ಮಾಡುವುದನ್ನು ಬಿಟ್ಟು ಬೇರೇನೂ ಮಾಡಲಾರದ,
ಮಂಜೂರ್
ನ್ಯಾಮತಿ